ಚನಿಯ ಹುಟ್ಟಿದ ವಾರ

ಕತೆ ಬರೆಯಲು ಕೂತವರು ಈಗ ಮೊದಲು ತಡವರಿಸುವುದು ಹೆಸರಿನಲ್ಲೇ. ಪಾತ್ರದ ಹೆಸರಿಗೆ ಅರ್ಥ ಇರಲೇಬೇಕು ಅಂತ ಒಬ್ಬರು. ಅರ್ಥ ಎದ್ದು ಕಂಡರೆ ಅದು ಕತೆಗಾರ ಇಟ್ಟ ಹೆಸರು, ಅಪ್ಪ ಅಮ್ಮ ಇಟ್ಟದ್ದಲ್ಲ ಅಂತ ಇನ್ನೊಬ್ಬರು. ಗೌಡ, ಭಟ್ಟ ಅಂತ ಸೇರಿಸಿದರೆ ಜಾತಿ ಗೊತ್ತಾಗುತ್ತದೆ. ಬಿಟ್ಟರೆ ಪಾತ್ರ ಯಾವ ಊರಿನದು ಅಂತಲೇ ತಿಳಿಯುವುದಿಲ್ಲ. ಈ ಗೋಜಲು ನಿನ್ನೆ ಮೊನ್ನೆಯದಲ್ಲ.

1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯ ರಾಣಿ ಅಮೃತಮತಿ. ಹೆಸರಲ್ಲಿ ಅಮೃತ, ಆದರೆ ಗಂಡನಿಗೂ ಅತ್ತೆಗೂ ಅವಳು ಇಕ್ಕುವುದು ವಿಷ. ಅವಳು ಮನಸೋತ ಮಾವುತ ಅಷ್ಟಾವಂಕ. ಮೈಯೆಲ್ಲ ಸೊಟ್ಟ ಅನ್ನುವುದನ್ನು ಹೆಸರೇ ಹೇಳುತ್ತದೆ. ಒಂದೇ ಕಾವ್ಯದಲ್ಲಿ ಎರಡೂ ಬಗೆ ಸಿಗುತ್ತವೆ. ಅಲ್ಲಿಂದ ಸುಮಾರು ಏಳು ನೂರು ವರ್ಷ ದಾಟಿ 1899ಕ್ಕೆ ಬಂದರೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. ರಾಜ ರಾಣಿಯರು ಹೋಗಿ, ಪಕ್ಕದ ಮನೆಯವರ ಹೆಸರುಗಳು ಕಾದಂಬರಿಗೆ ಬಂದವು.

ನಿಜವಾದ ತಿರುವು ನನಗೆ ಕಾಣುವುದು 1933ರಲ್ಲಿ, ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ. ಚೋಮನ ಮಕ್ಕಳ ಹೆಸರು ಒಮ್ಮೆ ಬಾಯಲ್ಲಿ ಹೇಳಿ ನೋಡಿ: ಚನಿಯ, ಗುರುವ, ಕಾಳ, ನೀಲ, ಬೆಳ್ಳಿ. ಬೇರೆ ಕಡೆಯ ಓದುಗರಿಗೆ ಇವು ಸುಮ್ನೆ ಹಳ್ಳಿ ಹೆಸರುಗಳು. ತುಳುನಾಡಿನವರಿಗೆ ಹಾಗಲ್ಲ. ಶನಿವಾರ ಹುಟ್ಟಿದವನು ಚನಿಯ, ಗುರುವಾರದವನು ಗುರುವ. ಭಾನುವಾರವಾದರೆ ಐತ, ಮಂಗಳವಾರ ಅಂಗಾರ, ಶುಕ್ರವಾರ ತುಕ್ರ. ಇನ್ನೊಬ್ಬರ ಗದ್ದೆಯಲ್ಲಿ ದುಡಿಯುವವರ ಮನೆಯಲ್ಲಿ ಮಗುವಿಗೆ ಹುಟ್ಟಿದ ವಾರವೇ ಹೆಸರಾಗುತ್ತಿತ್ತು. ದೊಡ್ಡ ದೇವರ ಹೆಸರು ಇಟ್ಟುಕೊಳ್ಳುವ ಸಲುಗೆ ಅವರಿಗೆ ಇರಲಿಲ್ಲ. ಹಾಗಾಗಿ ಚನಿಯ ಅಂತ ಕೂಗಿದರೆ ಸಾಕು, ಆ ಹುಡುಗ ಯಾರ ಆಳು, ಅಂಗಳದಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲ ಅದರಲ್ಲೇ ಬಂತು. ಅಪ್ಪನ ಸಾಲ ತೀರಿಸಲು ಇದೇ ಚನಿಯ, ಗುರುವ ಕಾಫಿ ತೋಟಕ್ಕೆ ಹೋಗುತ್ತಾರೆ. ಗುರುವ ಅಲ್ಲೇ ಕ್ರಿಸ್ತ ಮತಕ್ಕೆ ಸೇರುತ್ತಾನೆ. ಚನಿಯ ಜ್ವರ ಹೊತ್ತು ವಾಪಸು ಬಂದು ಸಾಯುತ್ತಾನೆ. ಈ ಹೆಸರುಗಳಿಗೆ ನಿಘಂಟಿನಲ್ಲಿ ಘನವಾದ ಅರ್ಥವೇನೂ ಇಲ್ಲ. ಆದರೂ ಇದಕ್ಕಿಂತ ಅರ್ಥ ಇರುವ ಹೆಸರು ಇನ್ಯಾವುದು ಅಂತ ನನಗೆ ಹೊಳೆಯುವುದಿಲ್ಲ.

ಇದೇ ಐತ 1967ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲೂ ಸಿಗುತ್ತಾನೆ. ಘಟ್ಟದ ಕೆಳಗಿಂದ ಬಂದ ಆಳು. ಬರುವಾಗ ವಾರದ ಹೆಸರನ್ನೂ ಜೊತೆಗೇ ತಂದಿದ್ದಾನೆ. ಅಲ್ಲೇ ಗುತ್ತಿಯೂ ಇದ್ದಾನೆ. ಹುಲಿಯ ಅನ್ನುವ ನಾಯಿ ಅವನನ್ನು ಬಿಟ್ಟಿರದ ಕಾರಣ ಊರವರಿಗೆ ಅವನು ನಾಯಿಗುತ್ತಿ.

ನವ್ಯ ಸಾಹಿತ್ಯದ ಕಾಲಕ್ಕೆ ಹೆಸರಿನೊಳಗೆ ಸಂಕೇತ ಇಡುವುದು ಜಾಸ್ತಿಯಾಯಿತು. ಚೆನ್ನಾಗಿ ಇಟ್ಟಾಗ ಅದು ಕಣ್ಣಿಗೆ ಹೊಡೆಯುವುದಿಲ್ಲ. 1965ರ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಪ್ರಾಣೇಶಾಚಾರ್ಯರನ್ನೇ ನೋಡಿ. ಮಾಧ್ವರ ಮನೆಗಳಲ್ಲಿ ಪ್ರಾಣೇಶ ಅನ್ನುವುದು ತೀರಾ ಸಹಜವಾದ ಹೆಸರು. ಪ್ರಾಣದೇವರು ಅಂದರೆ ಅವರಿಗೆ ಹನುಮಂತ, ಬ್ರಹ್ಮಚಾರಿ ದೇವರು. ಆಚಾರ ಬಿಟ್ಟು ಬದುಕಿ ಸತ್ತ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕು ಅಂತ ಕೇಳಲು ಆಚಾರ್ಯರು ಹೋಗುವುದೂ ಮಾರುತಿಯ ಗುಡಿಗೇ. ದೇವರು ಉತ್ತರ ಕೊಡುವುದಿಲ್ಲ. ವಾಪಸು ಬರುವ ಕತ್ತಲ ದಾರಿಯಲ್ಲಿ ನಾರಣಪ್ಪನ ಜೊತೆಗಿದ್ದ ಚಂದ್ರಿ ಸಿಗುತ್ತಾಳೆ, ಆಚಾರ್ಯರು ಅವಳನ್ನು ಕೂಡುತ್ತಾರೆ. ಹೆಸರು ಮೊದಲ ಪುಟದಿಂದಲೂ ಅಲ್ಲೇ ಇತ್ತು, ಅಲ್ವಾ?

ಈಚೆಗೆ ಲೆಕ್ಕ ಬದಲಾಗಿದೆ. ಮಕ್ಕಳಿಗೆ ಹುಡುಕುವ ಹಾಗೆ ಪಾತ್ರಗಳಿಗೂ ಮೊಬೈಲಿನಲ್ಲೇ ಹೆಸರು ಹುಡುಕುತ್ತೇವೆ. ಎರಡಕ್ಷರ, ಸಂಸ್ಕೃತ, ಒಳ್ಳೆಯ ಅರ್ಥ. ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ಹುಡುಗಿಗೆ ಅದು ಒಪ್ಪುತ್ತದೆ, ಅವಳ ಓರಗೆಯವರ ಹೆಸರುಗಳು ಇರುವುದೇ ಹಾಗೆ. ಜಾತಿಯ ಗುರುತು ಕಳಚಿಕೊಳ್ಳಲು ಹೊಸ ಹೆಸರು ಆರಿಸಿಕೊಂಡವರ ನೋವೂ ಸಣ್ಣದಲ್ಲ. ಆದರೆ ಅದೇ ಕತೆಯಲ್ಲಿ ಹಳ್ಳಿ ಬಿಟ್ಟು ಕದಲದ ಎಂಬತ್ತು ವರ್ಷದ ಅಜ್ಜಿಗೂ ಅಂಥದೇ ಹೆಸರು ಇಟ್ಟಾಗ ನನಗೆ ಸಂಕಟವಾಗುತ್ತದೆ. ಆ ಅಜ್ಜಿ ಕೆಂಚಮ್ಮನೋ ತಿಪ್ಪಮ್ಮನೋ ಆಗಿರುತ್ತಿದ್ದಳು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ, ಇದಾದರೂ ಉಳಿಯಲಿ ಅಂತ ತಿಪ್ಪೆಯ ಹೆಸರಿಡುತ್ತಿದ್ದರು. ಸಾಲಾಗಿ ಹೆಣ್ಣೇ ಹುಟ್ಟಿದರೆ ಇನ್ನು ಸಾಕು ಅಂತ ಸಾಕಮ್ಮ.

ದೇವನೂರ ಮಹಾದೇವ ಅವರ ‘ಒಡಲಾಳ’ದ ಮುದುಕಿ ಸಾಕವ್ವ. ಸಾಕು ಅಂದರೆ ಮುಗಿಯಿತು ಅಂತಲೂ ಹೌದು, ಸಲಹು ಅಂತಲೂ ಹೌದು. ಅವಳು ತನ್ನ ಮನೆಮಂದಿಯ ನಡುವೆ, ಕಳೆದುಹೋದ ಹುಂಜವನ್ನು ಹುಡುಕುತ್ತಿದ್ದಾಳೆ.