ಕೀಮುನ್ ಚಹಾಕ್ಕೆ ಕುದಿ ಬೇಡ

'ಇದರಲ್ಲಿ ಖಡಕ್ಕೇ ಇಲ್ಲ.' ಚೀನಾದ ಕಪ್ಪು ಚಹಾ ಕೀಮುನ್ ಕೊಂಡವರಿಂದ ಮತ್ತೆ ಮತ್ತೆ ಬರುವ ದೂರು ಇದು. ಹೇಗೆ ಮಾಡಿದಿರಿ ಎಂದರೆ, ನೀರು, ಹಾಲು, ಸಕ್ಕರೆ ಎಲ್ಲ ಸೇರಿಸಿ ಐದು ನಿಮಿಷ ಕುದಿಸಿದೆವು ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಮನೆಗಳ ಪುಡಿ ಬಹುಪಾಲು ಸಿಟಿಸಿ. ಯಂತ್ರದ ಹಲ್ಲಿಗೆ ಸಿಕ್ಕಿ ಜಜ್ಜಿ, ಹರಿದು, ಕಾಳಾದ ಎಲೆ. ಬಣ್ಣ, ಒಗರು ಬೇಗನೆ ಬಿಡುತ್ತದೆ. ಆ ಒಗರನ್ನು ಹಾಲು ತಗ್ಗಿಸುತ್ತದೆ. ಕೀಮುನ್ ಬೇರೆಯೇ ಜಾಯಮಾನದ್ದು. ಆನ್‌ಹುಯಿ ಪ್ರಾಂತ್ಯದ ಚೀಮೆನ್‌ನಲ್ಲಿ ಸಣ್ಣೆಲೆಯ ಗಿಡದಿಂದ 1870ರ ದಶಕದಲ್ಲಿ ಶುರುವಾದದ್ದು. ಅದಕ್ಕೂ ಮೊದಲು ಅಲ್ಲಿ ಹಸಿರು ಚಹಾ ಮಾಡುತ್ತಿದ್ದರು. ಲೋಟದಲ್ಲಿನ ಚಹಾದ ಬಣ್ಣ ನೋಡಿ ಚೀನೀಯರು ಇದನ್ನು ಹೋಂಗ್ ಚಾ, ಅಂದರೆ ಕೆಂಪು ಚಹಾ, ಅನ್ನುತ್ತಾರೆ.

ಇದರ ಸೊಗಸೆಲ್ಲ ಪರಿಮಳದಲ್ಲಿದೆ. ಮೊದಲು ಗುಲಾಬಿಯ ನೆನಪು, ಏಕೆಂದರೆ ಗುಲಾಬಿಯಲ್ಲಿರುವ ಜೆರಾನಿಯಾಲ್ ಎಂಬ ಪರಿಮಳದ ಅಂಶ ಇದರಲ್ಲೂ ಹೇರಳ. ಹಿಂದೆಯೇ ಕೋಕೋ, ಹಣ್ಣು, ಕೆಲವೊಮ್ಮೆ ತುಸು ಹೊಗೆ. (ಹೊಗೆಯೇ ಮುಂದಾಗಿದ್ದರೆ ನಿಮ್ಮ ಕೈಲಿರುವುದು ಬಹುಶಃ ಫುಜಿಯಾನ್‌ನ ಲ್ಯಾಪ್‌ಸಾಂಗ್ ಸೂಚಾಂಗ್, ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ್ದು.) ಈ ಪರಿಮಳ ಹಬೆಯ ಜೊತೆ ಹಾರುವಂಥದ್ದು. ಕುದಿಯುವಾಗ ಅಡುಗೆಮನೆ ಘಮ್ಮೆಂದರೆ, ಲೋಟಕ್ಕೆ ಬರಬೇಕಾದದ್ದು ಗಾಳಿಗೆ ಹೋಯಿತೆಂದೇ ಲೆಕ್ಕ. ಉಳಿಯುವುದು ಒಗರು. ಅದರ ಮೇಲೆ ಹಾಲು ಸುರಿದರೆ ಅಳಿದುಳಿದ ಘಮವೂ ಮುಚ್ಚಿಹೋಗುತ್ತದೆ. ಆಮೇಲೆ 'ಸಪ್ಪೆ' ಅಂತ ಇನ್ನಷ್ಟು ಕುದಿಸುತ್ತಾರೆ!

200 ಮಿಲಿ ನೀರಿಗೆ 3 ಗ್ರಾಂ ಎಲೆ. ಚಮಚದ ಅಳತೆ ನಂಬಬೇಡಿ, ಒಂದೊಂದು ದರ್ಜೆಯ ಎಲೆ ಒಂದೊಂದು ತೂಕ ಬರುತ್ತದೆ. ಪಾತ್ರೆಯನ್ನು ಮೊದಲು ಬಿಸಿನೀರಿನಲ್ಲಿ ಜಾಲಿಸಿ. ನೀರು 90ರಿಂದ 95 ಡಿಗ್ರಿ ಇರಲಿ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97ಕ್ಕೇ ಕುದಿಯುವುದರಿಂದ ಒಲೆ ಆರಿಸಿ ಅರೆ ನಿಮಿಷ ಬಿಟ್ಟರೆ ಸಾಕು. ಎಲೆಯ ಮೇಲೆ ಸುರಿದು, ಮುಚ್ಚಿ, 3 ನಿಮಿಷಕ್ಕೆ ಪೂರ್ತಿ ಸೋಸಿ. ಪೂರ್ತಿ, ಕೊನೆಯ ಹನಿವರೆಗೆ. ತಳದಲ್ಲಿ ನೀರು ನಿಂತರೆ ಎಲೆ ಒಗರು ಬಿಡುತ್ತಲೇ ಇರುತ್ತದೆ, ಎರಡನೇ ಲೋಟ ಕೆಡುತ್ತದೆ. ಅದೇ ಎಲೆಗೆ ಮತ್ತೊಮ್ಮೆ ನೀರು ಹಾಕಬಹುದು, ಆಗ 4 ನಿಮಿಷ.

ತೆಳುವೆನಿಸಿತೇ? ಅರ್ಧ ಗ್ರಾಂ ಎಲೆ ಹೆಚ್ಚಿಸಿ, ಸಮಯ ಹೆಚ್ಚಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಗಡಸು ಬೋರ್‌ವೆಲ್ ನೀರಿನಲ್ಲಿ ಮೇಲೆ ಕೆನೆಯಂಥ ಪೊರೆ ಕಟ್ಟಿ ರುಚಿ ಮಂಕಾಗುತ್ತದೆ, ಫಿಲ್ಟರ್ ನೀರು ಬಳಸಿ. ಹಾಲಿಲ್ಲದೆ ಗಂಟಲಿಗಿಳಿಯದು ಅನ್ನುವವರು ಸೋಸಿದ ಮೇಲೆ ಒಂದು ಚಮಚ ಸೇರಿಸಲಿ, ಅಡ್ಡಿಯಿಲ್ಲ. ಇಷ್ಟೆಲ್ಲ ಮಾಡಿಯೂ ಘಮ ಬಾರದಿದ್ದರೆ ಎಲೆ ಹಳೆಯದಿರಬಹುದು, ಅಥವಾ ಡಬ್ಬಿ ಸಾರಿನ ಪುಡಿಯ ಪಕ್ಕದಲ್ಲಿ ಕೂತಿರಬಹುದು.