ಸ್ಪರ್ಧೆಗೆ ಕಳಿಸಿದರೆ ನನ್ನ ಕಥೆ ಕದಿಯಲ್ವಾ?

ಪ್ರಶ್ನೆ: ಹೊಸ ಬರಹಗಾರರಿಗೆ ಅಂತ ಒಂದು ಕಿರುಚಿತ್ರಕಥೆ ಸ್ಪರ್ಧೆ ಇದೆ. ಆಯ್ಕೆಯಾದವರಿಗೆ ಅನುಭವಿ ಬರಹಗಾರರೊಬ್ಬರು ಮೆಂಟರ್ ಆಗಿ ಸಿಗುತ್ತಾರಂತೆ. ನನ್ನ ಹತ್ತಿರ ಹತ್ತು ಪುಟದ ಸ್ಕ್ರಿಪ್ಟ್ ರೆಡಿ ಇದೆ. ಇಂಥ ಐಡಿಯಾ ಇದುವರೆಗೆ ಯಾರೂ ಮಾಡಿಲ್ಲ. ಕಳಿಸಿದ ಮೇಲೆ ಅವರೇ ಅದನ್ನು ಸಿನಿಮಾ ಮಾಡಿಕೊಂಡರೆ ನನ್ನ ಗತಿ ಏನು? ಮೊದಲು ರಿಜಿಸ್ಟರ್ ಮಾಡಿಸಲೇಬೇಕಾ?

ಉತ್ತರ: ಷರತ್ತುಗಳನ್ನು ಒಂದು ಸಲ ಪೂರ್ತಿ ಓದಿ. ಆಮೇಲೆ ಧೈರ್ಯವಾಗಿ ಕಳಿಸಿ.

ಇಷ್ಟನ್ನೇ ಎಷ್ಟು ಜನರಿಗೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಯಾವುದಾದರೂ ಸ್ಪರ್ಧೆಯ ಕೊನೆಯ ದಿನ ಹತ್ತಿರ ಬಂತು ಅಂದರೆ ಇದೇ ಪ್ರಶ್ನೆ ಬರುತ್ತದೆ. ಪದಗಳು ಬೇರೆ, ಭಯ ಒಂದೇ. ಹಾಗಾಗಿ ಈ ಸಲ ಉದ್ದವಾಗಿಯೇ ಬರೆಯುತ್ತೇನೆ. ಈ ಭಯಕ್ಕೆ ಬಿದ್ದು ಸ್ಕ್ರಿಪ್ಟನ್ನು ಲ್ಯಾಪ್‌ಟಾಪ್‌ನಲ್ಲೇ ಬಚ್ಚಿಟ್ಟು ವರ್ಷಗಟ್ಟಲೆ ಕೂತವರನ್ನು ನಾನು ನೋಡಿದ್ದೇನೆ. ಅವರಲ್ಲಿ ಕೆಲವರು ನಿಜವಾಗಿಯೂ ಚೆನ್ನಾಗಿ ಬರೆಯುತ್ತಿದ್ದರು. ಅದೇ ನನಗೆ ಸಂಕಟ.

ಮೊದಲು ನಿಮ್ಮ ಪ್ರಶ್ನೆಯ ಒಂದು ಸಾಲು ಹಿಡಿಯೋಣ. "ಇಂಥ ಐಡಿಯಾ ಇದುವರೆಗೆ ಯಾರೂ ಮಾಡಿಲ್ಲ."

ನಾನು ಸ್ಪರ್ಧೆಗಳಿಗೆ ಮೊದಲ ಸುತ್ತಿನ ಓದು ಮಾಡಿದ್ದೇನೆ. ಒಂದು ಸಲ ನನ್ನ ಪಾಲಿಗೆ ಬಂದ ಸ್ಕ್ರಿಪ್ಟ್‌ಗಳಲ್ಲಿ ಈ ಒನ್‌ಲೈನ್, ಅಂದರೆ ಒಂದೇ ಸಾಲಿನಲ್ಲಿ ಹೇಳುವ ಕಥೆ, ಇತ್ತು: ತೀರಿಹೋದ ಅಪ್ಪನ ನಂಬರಿಗೆ ಮಗಳು ದಿನಾ ಫೋನ್ ಮಾಡುತ್ತಾಳೆ. ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತು. ಎರಡು ಸ್ಕ್ರಿಪ್ಟ್ ಆದ ಮೇಲೆ ಅದೇ ಒನ್‌ಲೈನ್ ಮತ್ತೆ ಬಂತು. ಸುತ್ತು ಮುಗಿಯುವಷ್ಟರಲ್ಲಿ ನಾಲ್ಕು ಸಲ. ನಾಲ್ಕೂ ಬೇರೆ ಬೇರೆ ಕಡೆಯಿಂದ ಬಂದವು. ಯಾವುದೂ ಹೊರಗೆ ಬಂದಿರದ ಕಥೆ. ಯಾರೂ ಯಾರಿಂದಲೂ ಕದ್ದಿರಲಿಲ್ಲ. ಎಲ್ಲರ ಕೈಯಲ್ಲೂ ಫೋನ್ ಇದೆ. ಎಲ್ಲರೂ ಯಾರನ್ನೋ ಕಳೆದುಕೊಂಡಿದ್ದೇವೆ. ಆ ನಂಬರನ್ನು ಡಿಲೀಟ್ ಮಾಡಲು ಮನಸ್ಸು ಬರದೆ ಹಾಗೇ ಬಿಟ್ಟಿದ್ದೇವೆ. ಕಥೆ ಅಲ್ಲಿಂದಲೇ ಹುಟ್ಟುತ್ತದೆ.

ಈಗ ಯೋಚನೆ ಮಾಡಿ. ಆ ನಾಲ್ಕರಲ್ಲಿ ಒಂದು ನಾಳೆ ಸಿನಿಮಾ ಆಗಿ ತೆರೆಗೆ ಬಂತು ಅಂದುಕೊಳ್ಳಿ. ಉಳಿದ ಮೂವರೂ ಎದೆ ಹಿಡಿದುಕೊಂಡು "ನಂದೇ ಕಥೆ, ಕದ್ದುಬಿಟ್ಟರು" ಅನ್ನುತ್ತಾರೆ. ಮೂವರೂ ಪ್ರಾಮಾಣಿಕರೇ. ಅವರ ಗೆಳೆಯರು ಅದನ್ನು ಇನ್ನೊಬ್ಬರಿಗೆ ಹೇಳುತ್ತಾರೆ. ಸ್ಪರ್ಧೆಗೆ ಕಳಿಸಿದರೆ ಕಥೆ ಹೋಯಿತು ಅನ್ನುವ ಮಾತು ಬಹಳ ಸಲ ಹುಟ್ಟುವುದು ಹೀಗೆ.

ಆ ನಾಲ್ಕು ಸ್ಕ್ರಿಪ್ಟ್‌ಗಳಲ್ಲಿ ಒಂದಕ್ಕೊಂದು ಹೋಲುವ ಒಂದು ಸೀನ್ ಕೂಡ ಇರಲಿಲ್ಲ. ಒಂದರಲ್ಲಿ ಅಪ್ಪನ ನಂಬರು ಬೇರೆ ಯಾರಿಗೋ ಸಿಕ್ಕಿರುತ್ತದೆ, ಆ ಹುಡುಗ ಫೋನ್ ಎತ್ತುತ್ತಾನೆ. ಇನ್ನೊಂದರಲ್ಲಿ ಅಪ್ಪನೇ ಉತ್ತರ ಕೊಡುತ್ತಾನೆ, ಕಥೆ ದೆವ್ವದ ಕಡೆ ತಿರುಗುತ್ತದೆ. ಮೂರನೆಯದು ಕೊನೆಯ ಕರೆಯೊಂದರ ನೆನಪು. ನಾಲ್ಕನೆಯದರಲ್ಲಿ ಫೋನ್ ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ, ಅಷ್ಟೇ. ಮುಂದಿನ ಸುತ್ತಿಗೆ ಹೋಗಿದ್ದು ಆ ನಾಲ್ಕನೆಯದು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಕಾನೂನು ನೋಡುವುದೂ ಇದನ್ನೇ. ಐಡಿಯಾಕ್ಕೆ ಕಾಪಿರೈಟ್ ಇಲ್ಲ. ಅದನ್ನು ನೀವು ಬರೆದ ಬಗೆಗೆ ಇದೆ. ಕಾಪಿರೈಟ್, ಪೇಟೆಂಟ್ ಥರದ ಹಕ್ಕುಗಳ ಬಗ್ಗೆ ದೇಶಗಳು ಮಾಡಿಕೊಂಡ 1994ರ ಟ್ರಿಪ್ಸ್ ಒಪ್ಪಂದ ಇದನ್ನು ನೇರವಾಗಿಯೇ ಹೇಳುತ್ತದೆ: ರಕ್ಷಣೆ ಅಭಿವ್ಯಕ್ತಿಗೆ, ಐಡಿಯಾಗೆ ಅಲ್ಲ. ಇದನ್ನು ಕೇಳಿದ ತಕ್ಷಣ ಹೊಸಬರ ಮುಖ ಸಣ್ಣದಾಗುತ್ತದೆ. ಸಣ್ಣದಾಗಬೇಕಿಲ್ಲ. ಐಡಿಯಾಕ್ಕೂ ಬೇಲಿ ಹಾಕಬಹುದು ಅಂತಾಗಿದ್ದರೆ, ಮೊದಲು ಬರೆದ ಯಾರೋ ಒಬ್ಬರು ಅಪ್ಪನ ಫೋನಿನ ಕಥೆಯನ್ನು ಉಳಿದ ಎಲ್ಲರಿಂದ ಕಿತ್ತುಕೊಳ್ಳಬಹುದಿತ್ತು. ನಿಮ್ಮಿಂದಲೂ.

ನೀವು ಬರೆದದ್ದು ನಿಮ್ಮದಾಗಲು ಯಾರ ಸಹಿಯೂ ಬೇಡ. ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದವನ್ನು 1908ರಲ್ಲಿ ಬರ್ಲಿನ್‌ನಲ್ಲಿ ತಿದ್ದಿದಾಗಲೇ ಇದನ್ನು ಸೇರಿಸಿದ್ದಾರೆ. ಹಕ್ಕು ಸಿಗಲು ನೋಂದಣಿ, ಅರ್ಜಿ, ಮುದ್ರೆ ಯಾವುದನ್ನೂ ಕಡ್ಡಾಯ ಮಾಡುವಂತಿಲ್ಲ. ಇವತ್ತು 180ಕ್ಕೂ ಹೆಚ್ಚು ದೇಶಗಳು ಆ ಒಪ್ಪಂದದಲ್ಲಿವೆ. ನಿಮ್ಮ ಹತ್ತು ಪುಟವನ್ನು ನೀವು ಬರೆದು ಸೇವ್ ಮಾಡಿದಾಗಲೇ ಅದು ನಿಮ್ಮದಾಗಿದೆ.

ಹಾಗಾದರೆ ನೋಂದಣಿ ಯಾಕೆ? ಸಾಕ್ಷಿಗೆ. ಈ ದಿನಾಂಕದಲ್ಲಿ ಈ ಸ್ಕ್ರಿಪ್ಟ್ ನನ್ನ ಹತ್ತಿರ ಇತ್ತು ಅಂತ ತೋರಿಸಲು. ನಾಳೆ ಜಗಳ ಕೋರ್ಟಿಗೆ ಹೋದರೆ ಅದು ಉಪಯೋಗಕ್ಕೆ ಬರುತ್ತದೆ, ಕೆಲವು ದೇಶಗಳಲ್ಲಿ ಜಾಸ್ತಿಯೇ ಬರುತ್ತದೆ. ಮಾಡಿಸಬೇಕು ಅನ್ನಿಸಿದರೆ ಮಾಡಿಸಿ, ತಪ್ಪೇನಿಲ್ಲ. ಆದರೆ ಅದರಲ್ಲೂ ಅವಧಿ ನೋಡಿಕೊಳ್ಳಿ. ಅಲ್ಲಿನ ಸಿನಿಮಾ, ಟಿವಿ ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್ ಆಫ್ ಅಮೆರಿಕ ವೆಸ್ಟ್ ಮಾಡುವ ನೋಂದಣಿ 5 ವರ್ಷಕ್ಕೆ ಮಾತ್ರ, ಆಮೇಲೆ ನವೀಕರಿಸಬೇಕು. ರಿಜಿಸ್ಟರ್ ಆಗಿಲ್ಲ ಅನ್ನುವ ಕಾರಣಕ್ಕೆ ಸ್ಪರ್ಧೆಯ ಕೊನೆಯ ದಿನ ಕಳೆದುಕೊಳ್ಳಬೇಡಿ.

ಇದರ ಜೊತೆಗೇ ಬರುವ ಇನ್ನೊಂದು ಸಲಹೆ ಇದೆ. ಸ್ಕ್ರಿಪ್ಟನ್ನು ಲಕೋಟೆಗೆ ಹಾಕಿ, ನಿಮಗೆ ನೀವೇ ಪೋಸ್ಟ್ ಮಾಡಿಕೊಂಡು, ಒಡೆಯದೆ ಇಟ್ಟುಕೊಳ್ಳಿ ಅಂತ. ದಯವಿಟ್ಟು ಇದನ್ನು ನಂಬಿಕೊಂಡು ಕೂರಬೇಡಿ. ಬಾಯಿ ಅಂಟಿಸದ ಖಾಲಿ ಲಕೋಟೆಯನ್ನು ಇವತ್ತು ಪೋಸ್ಟ್ ಮಾಡಿ, ಮುಂದಿನ ವರ್ಷ ಬರೆದದ್ದನ್ನು ಅದರೊಳಗೆ ಹಾಕಿ ಅಂಟಿಸಬಹುದಲ್ಲ? ಮೇಲಿನ ಮುದ್ರೆ ಲಕೋಟೆಯ ದಿನಾಂಕ ಹೇಳುತ್ತದೆ, ಒಳಗಿನ ಹಾಳೆಯ ದಿನಾಂಕ ಹೇಳುವುದಿಲ್ಲ. ಇದು ನೋಂದಣಿಗೆ ಬದಲಿ ಆಗುವುದಿಲ್ಲ ಅಂತ ಅಮೆರಿಕದ ಕಾಪಿರೈಟ್ ಕಚೇರಿಯೇ ಹೇಳಿದೆ. ಬರೆಯುವಾಗಿನ ಹಳೆಯ ಡ್ರಾಫ್ಟ್‌ಗಳು, ಟಿಪ್ಪಣಿಗಳು, ಗೆಳೆಯರಿಗೆ ಕಳಿಸಿದ ಈಮೇಲ್‌ಗಳು ಇದಕ್ಕಿಂತ ಎಷ್ಟೋ ಗಟ್ಟಿ. ಒಂದು ಡ್ರಾಫ್ಟನ್ನೂ ಅಳಿಸಬೇಡಿ.

ಕಳ್ಳತನ ನಡೆಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸೀನ್‌ಗೆ ಸೀನ್, ಮಾತಿಗೆ ಮಾತು ಎತ್ತಿದ ಜಗಳಗಳು ಇವೆ. ಆದರೆ ಕದಿಯುವವನ ಜಾಗದಲ್ಲಿ ನಿಂತು ನೋಡಿ. ಕಿರುಚಿತ್ರ ಮಾಡಲು ಕ್ಯಾಮೆರಾ ಬೇಕು, ನಟರು ಬೇಕು, ಎಡಿಟಿಂಗ್ ಬೇಕು. ಇಷ್ಟಕ್ಕೆಲ್ಲ ದುಡ್ಡು ಹಾಕುವವರಿಗೆ ಹೊಸ ಬರಹಗಾರರಿಂದ ಸ್ಕ್ರಿಪ್ಟ್ ಕೊಳ್ಳುವ ಖರ್ಚು ದೊಡ್ಡದಲ್ಲ. ಅದನ್ನು ಉಳಿಸಲು ಹೋಗಿ ಮೊಕದ್ದಮೆ ಮೈಮೇಲೆ ಎಳೆದುಕೊಳ್ಳುವುದರಲ್ಲಿ ಏನು ಲಾಭ? ಸ್ಪರ್ಧೆಯಲ್ಲಿ ನೀವು ಕಳಿಸಿದ ಫೈಲ್ ಇರುತ್ತದೆ, ತಲುಪಿದೆ ಅನ್ನುವ ಈಮೇಲ್ ಇರುತ್ತದೆ, ಅದರ ಮೇಲೆ ತಾರೀಖು ಇರುತ್ತದೆ. ಯಾರೋ ಪರಿಚಯದವರ ಮುಂದೆ ಕೂತು ಬಾಯಲ್ಲಿ ಕಥೆ ಹೇಳಿ ಬರುತ್ತೀರಲ್ಲ, ಅಲ್ಲಿ ಇದ್ಯಾವುದೂ ಇರುವುದಿಲ್ಲ. ಅಲ್ಲಿ ಹೆದರದವರು ಸ್ಪರ್ಧೆಗೆ ಹೆದರುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಿಜವಾಗಿ ಎಚ್ಚರ ಬೇಕಾಗಿರುವುದು ಷರತ್ತುಗಳ ಪುಟದಲ್ಲಿ. ಅದನ್ನೇ ಯಾರೂ ಓದುವುದಿಲ್ಲ. "ಬಂದ ಎಲ್ಲ ಸ್ಕ್ರಿಪ್ಟ್‌ಗಳ ಹಕ್ಕು ಆಯೋಜಕರಿಗೆ ಸೇರುತ್ತದೆ" ಅಂತ ಇದ್ದರೆ ಅಲ್ಲಿಗೇ ಬಿಡಿ. ಗೆಲ್ಲದಿದ್ದರೂ ನಿಮ್ಮ ಸ್ಕ್ರಿಪ್ಟ್ ಹೋದ ಹಾಗೆ. "ಗೆದ್ದ ಸ್ಕ್ರಿಪ್ಟನ್ನು ಚಿತ್ರ ಮಾಡುವ ಮೊದಲ ಅವಕಾಶ ನಮಗೆ" ಅಂತ ಇದ್ದರೆ ಎಷ್ಟು ತಿಂಗಳು ಅಂತ ನೋಡಿ. ಅವಧಿ ಬರೆದಿಲ್ಲ ಅಂದರೆ ಕೇಳಿ. ಚಿತ್ರವಾದರೆ ಬರಹಗಾರರ ಹೆಸರು ಹೇಗೆ ಬರುತ್ತದೆ ಅನ್ನುವುದನ್ನೂ ಕೇಳಿ. ಒಳ್ಳೆಯ ಕಡೆ ಈ ವಿಷಯ ಸ್ಪಷ್ಟವಾಗಿರುತ್ತದೆ. ಆಸ್ಕರ್ ಕೊಡುವ ಅಕಾಡೆಮಿ 1986ರಿಂದ ಹೊಸಬರಿಗೆ ನಿಕೋಲ್ ಫೆಲೋಶಿಪ್ ಕೊಡುತ್ತಿದೆ. ಅದು ಕಿರುಚಿತ್ರಕ್ಕಲ್ಲ, ಪೂರ್ಣಾವಧಿ ಚಿತ್ರಗಳ ಸ್ಕ್ರಿಪ್ಟಿಗೆ. ಗೆದ್ದವರ ಕೃತಿಯ ಮೇಲೂ ತನಗೆ ಹಕ್ಕು ಬೇಡ ಅನ್ನುವ ನಿಯಮ ಅಲ್ಲಿ ಇಟ್ಟುಕೊಂಡು ಬಂದಿದ್ದಾರೆ.

ಮೆಂಟರ್ ಬಗ್ಗೆಯೂ ಹೀಗೆ ಕೇಳಿ. ಯಾರು, ಎಷ್ಟು ಸಲ ಕೂರುತ್ತಾರೆ, ಪೂರ್ತಿ ಸ್ಕ್ರಿಪ್ಟ್ ಓದಿ ಬರುತ್ತಾರಾ? ಒಂದೇ ಸಲದ ಮಾತುಕತೆ ಅಂದರೂ ಪರವಾಗಿಲ್ಲ, ಆದರೆ ಮೊದಲೇ ಗೊತ್ತಿರಲಿ.

ಕಳಿಸುವ ಮುಂಚೆ ಎರಡು ಸಣ್ಣ ಕೆಲಸ. ಹೆಸರಿಲ್ಲದೆ ಓದುವ ಸ್ಪರ್ಧೆಯಾದರೆ ಮೊದಲ ಪುಟದಿಂದಲೂ ಫೈಲಿನ ಹೆಸರಿನಿಂದಲೂ ನಿಮ್ಮ ಹೆಸರು ತೆಗೆಯಿರಿ. ಒಳ್ಳೆಯ ಸ್ಕ್ರಿಪ್ಟ್‌ಗಳು ಇದೊಂದೇ ಕಾರಣಕ್ಕೆ ಹೊರಗೆ ಬಿದ್ದಿವೆ. ಇನ್ನು ಒಂದು ಪುಟ ಅಂದರೆ ಒಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷಿನ ಕೊರಿಯರ್ ಫಾಂಟ್, 12 ಪಾಯಿಂಟ್ ಅಳತೆಗೆ ಹೊಂದಿಕೊಂಡದ್ದು. ಕನ್ನಡ ಅಕ್ಷರದಲ್ಲಿ ಬರೆದರೆ ಆ ಲೆಕ್ಕ ಕೂಡುವುದಿಲ್ಲ. ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು, ಮೌನಗಳನ್ನೂ ಸೇರಿಸಿ, ಜೋರಾಗಿ ಓದಿ ನೋಡಿ.

ಇಷ್ಟಕ್ಕೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ನೀವು ಕೇಳದೇ ಇರುವ ಒಂದು ಪ್ರಶ್ನೆ ನನ್ನನ್ನು ಜಾಸ್ತಿ ಕಾಡುತ್ತದೆ. ಮೆಂಟರ್ ಕೊಟ್ಟ ಸಲಹೆಯಿಂದ ಸ್ಕ್ರಿಪ್ಟ್ ಬದಲಾದರೆ, ಆಮೇಲೆ ಅದು ಯಾರದ್ದು?

ಆ ನಾಲ್ಕನೆಯ ಸ್ಕ್ರಿಪ್ಟ್ ಕೊನೆಗೆ ಮೆಂಟರಿಂಗ್‌ಗೆ ನನ್ನ ಹತ್ತಿರವೇ ಬಂತು. ಬರೆದವರು ಒಬ್ಬ ಯುವತಿ. ಒಂಬತ್ತು ಪುಟ. ಮಗಳು ಪ್ರತಿ ರಾತ್ರಿ ಬಾಲ್ಕನಿಗೆ ಹೋಗಿ ಅಪ್ಪನ ನಂಬರಿಗೆ ಕರೆ ಮಾಡುತ್ತಾಳೆ, ರಿಂಗ್ ನಿಲ್ಲುವವರೆಗೂ ಕೇಳಿಸಿಕೊಳ್ಳುತ್ತಾಳೆ. ಏಳನೇ ಪುಟದಲ್ಲಿ ಅಮ್ಮನ ಜೊತೆ ಜಗಳ. "ನಿನಗೆ ಅಪ್ಪನ ನೆನಪೇ ಇಲ್ಲ" ಅಂತ ಶುರುವಾಗಿ ಎಂಟು ಸಾಲು ಮಾತು. ಮನಸ್ಸಿನಲ್ಲಿ ಇರುವುದನ್ನೆಲ್ಲ ಇಬ್ಬರೂ ಬಾಯಿಬಿಟ್ಟು ಹೇಳಿಬಿಡುತ್ತಾರೆ. ಸೀನ್ ಅಲ್ಲಿಗೆ ಸತ್ತುಹೋಗಿತ್ತು.

ಆ ಸಾಲುಗಳನ್ನು ನಾನೇ ತಿದ್ದಿ ಕೊಡಬಹುದಿತ್ತು. ಕೊಡಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದೆ. "ಫೋನ್ ರಿಂಗ್ ಆಗ್ತಾ ಇದೆಯಲ್ಲ, ಅದಕ್ಕೆ ಚಾರ್ಜ್ ಹಾಕೋರು ಯಾರಮ್ಮ?"

ಆಕೆ ತುಂಬ ಹೊತ್ತು ಸುಮ್ಮನಿದ್ದರು.

ಹತ್ತು ದಿನ ಬಿಟ್ಟು ಹೊಸ ಡ್ರಾಫ್ಟ್ ಬಂತು. ಜಗಳ ಪೂರ್ತಿ ಹೋಗಿತ್ತು. ಏಳನೇ ಪುಟದಲ್ಲಿ ಈಗ ಒಂದು ಮಾತೂ ಇಲ್ಲ. ರಾತ್ರಿ. ಅಮ್ಮನ ಕೋಣೆಯ ಬಾಗಿಲು ಸ್ವಲ್ಪ ತೆರೆದಿದೆ. ದಿಂಬಿನ ಪಕ್ಕ ಅಪ್ಪನ ಹಳೆಯ ಫೋನ್, ಚಾರ್ಜರ್ ಚುಚ್ಚಿದೆ. ಸೌಂಡ್ ಆಫ್. ಸ್ಕ್ರೀನ್ ಮೇಲೆ 212 ಮಿಸ್ಡ್ ಕಾಲ್. ಮಗಳು ಬಾಗಿಲಲ್ಲೇ ನಿಂತು ಕರೆ ಮಾಡುತ್ತಾಳೆ. ಫೋನಿನ ಬೆಳಕು ಅಮ್ಮನ ಮುಖದ ಮೇಲೆ ಬೀಳುತ್ತದೆ. ಅಮ್ಮ ಕಣ್ಣು ಬಿಡುವುದಿಲ್ಲ. ಕೈ ಚಾಚಿ ಫೋನಿನ ಮೇಲೆ ಇಡುತ್ತಾಳೆ, ಬೆಳಕು ಆರುವವರೆಗೂ.

ಓದಿ ನನ್ನ ಕಣ್ಣು ತುಂಬಿತು. ಮೆಂಟರ್ ಕೆಲಸ ಮಾಡಿದ್ದಕ್ಕೆ ಅಷ್ಟು ಹೆಮ್ಮೆ ನನಗೆ ಬೇರೆ ಯಾವತ್ತೂ ಆಗಿಲ್ಲ. ಆದರೆ ಆ ಪುಟದಲ್ಲಿ ನನ್ನದು ಅಂತ ಏನೂ ಇಲ್ಲ. ಮೇಲೆ ಹೇಳಿದೆನಲ್ಲ, ಐಡಿಯಾಕ್ಕೆ ಹಕ್ಕಿಲ್ಲ ಅಂತ? ಅದೇ ನಿಯಮ ಮೆಂಟರ್‌ಗೂ. ನಾನು ಕೇಳಿದ್ದು ಒಂದು ಪ್ರಶ್ನೆ. ದಿಂಬು, ಚಾರ್ಜರ್, 212, ಆ ಕೈ, ಎಲ್ಲವನ್ನೂ ಬರೆದವರು ಆಕೆ. ಮೆಂಟರ್ ತಾನೇ ಕೂತು ಸೀನ್‌ಗಳನ್ನು ಬರೆದುಕೊಟ್ಟರೆ ಮಾತು ಬೇರೆಯಾಗುತ್ತದೆ. ಹಾಗೆ ಆಗುವ ಹಾಗಿದ್ದರೆ ಯಾರ ಹೆಸರು ಎಲ್ಲಿ ಅನ್ನುವುದನ್ನು ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಿ. ಬರೀ ಸಲಹೆ ಕೊಟ್ಟು ಸಹ-ಬರಹಗಾರ ಅಂತ ಹೆಸರು ಕೇಳುವ ಮೆಂಟರ್‌ಗೆ ನಯವಾಗಿ ಬೇಡ ಅನ್ನಿ.

ಹೇಳಿದ್ದನ್ನೆಲ್ಲ ಮಾಡಬೇಕು ಅಂತಲೂ ಇಲ್ಲ. ಇಲ್ಲಿ ಏನೋ ಎಡವುತ್ತಿದೆ ಅಂತ ಓದುವವರು ಹೇಳಿದರೆ ಬಹಳ ಸಲ ಅದು ನಿಜ. ಹೇಗೆ ಸರಿಮಾಡಬೇಕು ಅಂತ ಅವರು ಹೇಳುವುದು ಅಷ್ಟೇ ಸಲ ತಪ್ಪಾಗಿರುತ್ತದೆ. ಆ ಸ್ಪರ್ಧೆಯಲ್ಲಿ ಇನ್ನೊಬ್ಬ ಮೆಂಟರ್ ಕೂಡ ಇದೇ ಸ್ಕ್ರಿಪ್ಟ್ ಓದಿದರು. ಅಮ್ಮನ ಪಾತ್ರವೇ ಬೇಡ, ಮಗಳು ಒಬ್ಬಳೇ ಸಾಕು ಅಂದರು. ಆಕೆ ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಆಮೇಲೆ ತಲೆ ಎತ್ತಿ ತುಂಬ ಮರ್ಯಾದೆಯಿಂದ ಕೇಳಿದರು.

"ಅಮ್ಮ ಇಲ್ಲ ಅಂದ್ರೆ ಆ ಫೋನಿಗೆ ಚಾರ್ಜ್ ಹಾಕೋರು ಯಾರು ಸರ್?"