ಬಾನೆಟ್ ಎಲ್ಲಿ ಹೋಯ್ತು?

ಕೆಂಪು ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಾನೆಟ್ ನೆನಪಿದೆಯಾ? ಮೇಲೆ ದಪ್ಪನೆಯ ರೆಕ್ಸಿನ್ ಹೊದಿಕೆ, ಅದರ ಮೇಲೆ ಯಾರದೋ ಕೈಚೀಲ. ಸೀಟು ಸಿಗದೆ ನಾನೂ ಅಲ್ಲಿ ಕೂತಿದ್ದೇನೆ. ಘಾಟಿ ಹತ್ತುವಾಗ ಕೆಳಗಿನ ಎಂಜಿನ್ನಿನಿಂದ ಕಾವು ಏರುತ್ತದೆ. ಮಾತಾಡಬೇಕೆಂದರೆ ಕೂಗಬೇಕು. ನನಗದು ಎರಡು ಗಂಟೆಯ ಪಾಡು, ಡ್ರೈವರಿಗೆ ದಿನವಿಡೀ.

ಎಂಜಿನ್ ಮುಂದಿದ್ದರೆ ಇನ್ನೊಂದು ತಾಪತ್ರಯವೂ ಇದೆ. ಬಸ್ಸನ್ನು ಓಡಿಸುವುದು ಹಿಂದಿನ ಚಕ್ರ. ಶಕ್ತಿಯನ್ನು ಅಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನೆಲದ ಕೆಳಗೆ ಉದ್ದಕ್ಕೂ ಹಾಯಬೇಕು. ಅದಕ್ಕೆ ಜಾಗ ಕೊಡಲು ನೆಲ ಮೇಲೇರುತ್ತದೆ, ಅಜ್ಜಿಯರು ಕಂಬಿ ಹಿಡಿದು ಹತ್ತುವ ಮೆಟ್ಟಿಲೂ ಏರುತ್ತದೆ.

ಎಂಜಿನ್ನನ್ನು ಹಿಂದಿನ ಆಕ್ಸಲ್‌ಗಿಂತ, ಅಂದರೆ ಹಿಂದಿನ ಚಕ್ರಗಳ ಅಡ್ಡ ದಂಡಕ್ಕಿಂತ, ಹಿಂದೆ ತಳ್ಳಿದರೆ ಆ ಶಾಫ್ಟ್ ಗಿಡ್ಡವಾಗುತ್ತದೆ. ಮಧ್ಯೆ ಜಾಗ ಖಾಲಿ. ದೂರದೂರಿನ ಬಸ್ಸಿನಲ್ಲಿ ಅಲ್ಲಿ ಈ ಪಕ್ಕದಿಂದ ಆ ಪಕ್ಕದವರೆಗೆ ಲಗೇಜ್ ಡಿಕ್ಕಿ ಮಾಡುತ್ತಾರೆ. ಊರೊಳಗಿನ ಬಸ್ಸಿನಲ್ಲಿ ನೆಲವನ್ನೇ ಇಳಿಸುತ್ತಾರೆ. 2001ರಲ್ಲಿ ಭಾರತಕ್ಕೆ ಬಂದ ವೋಲ್ವೊ ಬಿ7ಆರ್, ಅಂದರೆ ನಮ್ಮ ಐರಾವತ, ಮೊದಲ ಬಗೆ. ಬಿಎಂಟಿಸಿಯ ವಜ್ರ ಎರಡನೆಯದು. ಆದರೆ ವಜ್ರದಲ್ಲೂ ಮಧ್ಯದ ಬಾಗಿಲು ದಾಟಿ ಹಿಂದೆ ಹೋದರೆ ಮೆಟ್ಟಿಲು ಸಿಗುತ್ತದೆ, ಅಲ್ವಾ? ಅದರಡಿಯಲ್ಲೇ ಆಕ್ಸಲ್ಲು, ಎಂಜಿನ್ನು.

ಇದೇನೂ ಹೊಸ ಉಪಾಯವಲ್ಲ. ಬ್ರಿಟನ್ನಿನ ಲೇಲ್ಯಾಂಡ್ ಅಟ್ಲಾಂಟಿಯನ್ ಡಬಲ್ ಡೆಕ್ಕರ್ 1958ರಲ್ಲೇ ಎಂಜಿನ್ನನ್ನು ಹಿಂದೆ, ಅಡ್ಡಲಾಗಿ ಹೊತ್ತು ರಸ್ತೆಗಿಳಿಯಿತು. ಮುಂದಿನ ಚಕ್ರಕ್ಕಿಂತ ಮುಂದೆ, ಡ್ರೈವರ್ ಪಕ್ಕದಲ್ಲೇ ಬಾಗಿಲು ಬಂತು. ಆಮೇಲೆ ಅಲ್ಲಿ ಟಿಕೆಟ್ ಕೊಡುವ ಕೆಲಸವೂ ಡ್ರೈವರ್ ತಲೆಗೇ ಬಿತ್ತು.

ಜನರಿಗೇನೋ ಸುಖವಾಯಿತು. ಕಷ್ಟ ಎಂಜಿನ್ನಿಗೆ ಶುರುವಾಯಿತು. ಮುಂದಿದ್ದಾಗ ಎದುರುಗಾಳಿ ಸುಮ್ನೆ ಬಂದು, ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರಿಗೆ ಬಡಿಯುತ್ತಿತ್ತು. ಹಿಂದೆ ಆ ಪುಕ್ಕಟೆ ಗಾಳಿ ಇಲ್ಲ. ಹಾಗಾಗಿ ರೇಡಿಯೇಟರನ್ನು ಸಾಮಾನ್ಯವಾಗಿ ಬಸ್ಸಿನ ಪಕ್ಕೆಗೆ ತರುತ್ತಾರೆ, ದೊಡ್ಡ ಫ್ಯಾನಿನಿಂದ ಗಾಳಿ ಎಳೆಸುತ್ತಾರೆ. ರೇಡಿಯೇಟರ್ ಪಕ್ಕಕ್ಕೆ ತಿರುಗಿರುವುದರಿಂದ ಫ್ಯಾನಿಗೆ ಎಂಜಿನ್ನಿನಿಂದ ನೇರ ಬೆಲ್ಟ್ ಹಾಕುವುದು ಸುಲಭವಲ್ಲ. ಹಲವು ಮಾದರಿಗಳಲ್ಲಿ ಪಂಪೊಂದು ಎಣ್ಣೆಯನ್ನು ಒತ್ತಡದಿಂದ ನೂಕಿ ಫ್ಯಾನ್ ತಿರುಗಿಸುತ್ತದೆ. ನೀರು ಬಿಸಿಯಾದಷ್ಟೂ ಫ್ಯಾನ್ ಜೋರು. ನಿಂತ ಬಸ್ಸಿನ ಹಿಂಬದಿಯಿಂದ ಒಮ್ಮೆಲೇ ಭೋರ್ ಎಂದು ಸದ್ದು ಬಂದರೆ ಅದು ಹೆಚ್ಚಾಗಿ ಇದರದ್ದೇ.

ಡ್ರೈವರ್‌ನ ಕಿವಿಗೂ ಒಂದು ನಷ್ಟ. ಎಂಜಿನ್ ಸದ್ದು ಕೇಳಿ ಗೇರ್ ಬದಲಿಸುತ್ತಿದ್ದವರು ಈಗ ಎಂಜಿನ್ ವೇಗ ತೋರಿಸುವ ಮೀಟರಿನ ಹಸಿರು ಪಟ್ಟಿ ನೋಡಬೇಕು. ಗೇರ್ ಲಿವರಿನಿಂದ ಗೇರ್ ಬಾಕ್ಸ್ ತನಕ ಬಸ್ಸಿನ ಉದ್ದಕ್ಕೂ ಕೇಬಲ್ ಎಳೆಯಬೇಕು. ಹಿಂದೆ ಏನಾದರೂ ಸುಡಲು ಶುರುವಾದರೆ ಮುಂದೆ ಕೂತವರಿಗೆ ವಾಸನೆ ಬರುವಷ್ಟರಲ್ಲಿ ತಡ. ಎಂಜಿನ್ ಗೂಡಿನಲ್ಲಿ ಬೆಂಕಿ ಪತ್ತೆಹಚ್ಚಿ ತಾನೇ ಆರಿಸುವ ವ್ಯವಸ್ಥೆ ಬೇಕಾದದ್ದು ಇದಕ್ಕೇ. ಇದರಲ್ಲಿ ಉಳಿತಾಯ ನೋಡಬಾರದು ಅನ್ನುವುದು ನನ್ನ ಹಟ.

ಇನ್ನೊಂದು ಭಾರೀ ಲಾಭವೂ ಇದೆ: ಎಂಜಿನ್ನಿನ ಭಾರ ಓಡಿಸುವ ಚಕ್ರದ ಮೇಲೇ ಕೂರುವುದರಿಂದ ಒದ್ದೆ ರಸ್ತೆಯಲ್ಲಿ ಹಿಡಿತ ಜಾಸ್ತಿ.

ಮುಂದಿನ ಸಲ ಇಂಥ ಬಸ್ಸು ಮಣ್ಣು ರಸ್ತೆಯಿಂದ ಬಂದು ನಿಂತಾಗ ಹಿಂದಕ್ಕೆ ಹೋಗಿ ನೋಡಿ. ಬೆನ್ನಿಗೆಲ್ಲ ಧೂಳು ಮೆತ್ತಿರುತ್ತದೆ, ಬೆರಳಲ್ಲಿ ಹೆಸರು ಬರೆಯುವಷ್ಟು. ಓಡುವ ಬಸ್ಸಿನ ಹಿಂದೆ ಗಾಳಿಯ ಒತ್ತಡ ಕಡಿಮೆ, ಧೂಳು ಸುತ್ತಿಕೊಂಡು ಅಲ್ಲಿಗೇ ಬರುತ್ತದೆ. ಆಮೇಲೆ ಚಾವಣಿಯ ಅಂಚಿನ ಕಡೆ ಕಣ್ಣು ಹಾಯಿಸಿ. ಎಂಜಿನ್ ಕೂತಿರುವುದು ಕೆಳಗೆ, ಆದರೆ ಅದು ಉಸಿರಾಡುವ ಕಿಂಡಿ ಹಲವು ಬಸ್ಸುಗಳಲ್ಲಿ ಇರುವುದು ಅಷ್ಟು ಮೇಲೆ.